ಬಿಲ್‌ಸ್ಟನ್ನಿನ ನಶ್ಯದ ಡಬ್ಬಿ: ಒಂಬತ್ತು ವಾರದ ರಿಪೇರಿ

ಡಬ್ಬಿ ನನ್ನ ಕೈಗೆ ಬಂದಾಗ ಮುಚ್ಚಳ ತೆರೆಯುತ್ತಿರಲಿಲ್ಲ. ಹಿಂದಿನ ಕೀಲು ತುಕ್ಕು ಹಿಡಿದು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಮುಚ್ಚಳದ ಬಲಮೂಲೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗಕ್ಕೆ ಯಾರೋ ದಪ್ಪಗೆ ಪೇಂಟ್ ಬಳಿದಿದ್ದರು. ಆ ಪೇಂಟ್ ಹಳೆ ದಿನಪತ್ರಿಕೆಯ ಹಾಗೆ ಹಳದಿಯಾಗಿತ್ತು. ಸುತ್ತಲಿನ ಗುಲಾಬಿ ಬಣ್ಣ ಮಾತ್ರ ಮೊನ್ನೆ ಹಚ್ಚಿದಂತೆ ಹೊಳೆಯುತ್ತಿತ್ತು. ಆ ಗುಲಾಬಿ ನೋಡಿಯೇ ಕೊಂಡೆ.

ಕೊಂಡದ್ದು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಹತ್ತಿರದ ಒಂದು ಭಾನುವಾರದ ಸಂತೆಯಲ್ಲಿ. ಹಳೆ ಚಮಚ, ಗುಂಡಿ, ಮುರಿದ ಗಡಿಯಾರ ತುಂಬಿದ ಟ್ರೇ ಒಳಗೆ ಇದು ಬಿದ್ದಿತ್ತು. ಪಕ್ಕದಲ್ಲಿ ಬೆರಳುದ್ದದ ಒಂದು ಸೆಂಟ್ ಬಾಟಲಿ. ಎರಡಕ್ಕೂ ಸೇರಿ 60 ಪೌಂಡ್ ಕೊಟ್ಟೆ. ಮಾರುವವರು ‘ಬ್ಯಾಟರ್‌ಸಿ’ ಅಂದರು. ಇಂಗ್ಲೆಂಡಿನ ಹಳೆ ಎನಾಮಲ್ ಡಬ್ಬಿ ಯಾವುದೇ ಇರಲಿ, ಇಲ್ಲಿ ಎಲ್ಲರೂ ಅದನ್ನು ಬ್ಯಾಟರ್‌ಸಿ ಅಂತಲೇ ಕರೆಯುತ್ತಾರೆ.

ನಿಜ ಬೇರೆ. ಲಂಡನ್ನಿನ ಬ್ಯಾಟರ್‌ಸಿಯಲ್ಲಿ, ಯಾರ್ಕ್ ಹೌಸ್ ಎಂಬ ಕಟ್ಟಡದಲ್ಲಿ, ಎನಾಮಲ್ ಕಾರ್ಖಾನೆ ನಡೆದದ್ದು ಬರೀ ಮೂರು ವರ್ಷ, 1753ರಿಂದ 1756ರವರೆಗೆ. ಅದರ ಪಾಲುದಾರರಲ್ಲಿ ಒಬ್ಬರಾದ ಸ್ಟೀಫನ್ ಥಿಯೊಡೋರ್ ಜಾನ್ಸೆನ್ ಲಂಡನ್ನಿನ ಲಾರ್ಡ್ ಮೇಯರ್ ಕೂಡ ಆಗಿದ್ದವರು. ಅವರು ದಿವಾಳಿಯಾದರು, ಕಾರ್ಖಾನೆ ಮುಚ್ಚಿತು. ಆದರೆ ಹೆಸರು ಉಳಿಯಿತು. ಆ ಮೂರು ವರ್ಷದ ಹೆಸರಿನ ಕೆಳಗೆ ಬಿಲ್‌ಸ್ಟನ್, ವೆನ್ಸ್‌ಬರಿ, ಬರ್ಮಿಂಗ್‌ಹ್ಯಾಮ್‌ನ ಕೆಲಸಗಾರರು ದಶಕಗಟ್ಟಲೆ ಮಾಡಿದ ಸಾವಿರಾರು ಡಬ್ಬಿಗಳು ಮರೆಯಾಗಿವೆ. ನಾನು ಹನ್ನೊಂದು ವರ್ಷದಿಂದ ವುಲ್ವರ್‌ಹ್ಯಾಂಪ್ಟನ್‌ನಲ್ಲಿದ್ದೇನೆ. ಬಿಲ್‌ಸ್ಟನ್ ಇಲ್ಲಿಂದ ಮೂರು ಮೈಲಿ, ಟ್ರಾಮ್ ಹತ್ತಿದರೆ ಆಯ್ತು. ಆ ಊರಿನ ಹೆಸರು ಆ ಡಬ್ಬಿಗಳಿಗೆ ಸಿಗಲಿ ಅನ್ನುವುದು ನನ್ನ ಆಸೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಇಲ್ಲಿ ನೆಲದ ಕೆಳಗೆ ಕಲ್ಲಿದ್ದಲು, ನೆಲದ ಮೇಲೆ ಲೋಹದ ಕೆಲಸ. ಗುಂಡಿ, ಬಕಲ್, ಡಬ್ಬಿಯಂಥ ಸಣ್ಣ ಲೋಹದ ಸಾಮಾನಿಗೆ ಆಗ ಬರ್ಮಿಂಗ್‌ಹ್ಯಾಮ್ ಸುತ್ತ ‘ಟಾಯ್’ ಅನ್ನುತ್ತಿದ್ದರು. ಮಕ್ಕಳ ಆಟಿಕೆಗೂ ಅದಕ್ಕೂ ಸಂಬಂಧವಿಲ್ಲ. ತೆಳು ತಾಮ್ರದ ತಗಡು ಸಿಗುತ್ತಿತ್ತು, ಅಚ್ಚು ಕೊರೆಯುವವರಿದ್ದರು, ಕುಲುಮೆ ಇತ್ತು, ಹಿತ್ತಾಳೆಗೆ ಚಿನ್ನದ ಲೇಪ ಕೊಡುವವರಿದ್ದರು. ಒಂದು ನಶ್ಯದ ಡಬ್ಬಿಗೆ ಇವರೆಲ್ಲರ ಕೈಯೂ ಬೇಕು.

ನನ್ನ ಡಬ್ಬಿಯ ಅಳತೆ: ಉದ್ದ 82 ಮಿಲಿಮೀಟರ್, ಅಗಲ 62, ಎತ್ತರ 38. ನಾಲ್ಕೂ ಕಡೆ ಗುಲಾಬಿ ನೆಲ. ಅದರ ಮೇಲೆ ಉಬ್ಬಿದ ಬಿಳಿ ಚುಕ್ಕೆ, ಬಳ್ಳಿ. ಮುಚ್ಚಳದ ನಡುವೆ ಬಿಳಿ ಜಾಗ ಬಿಟ್ಟು ಹಳ್ಳಿಗಾಡಿನ ಚಿತ್ರ. ಒಂದು ಮರ, ದೂರದಲ್ಲಿ ಪಾಳು ಗೋಪುರ, ಕುಳಿತ ಒಬ್ಬ ಹೆಂಗಸು. ಬಲಕ್ಕೆ ಹಳದಿ ಪೇಂಟಿನ ಮಚ್ಚೆ.

ಕೆಲಸಕ್ಕೆ ಮುಂಚೆ ಒಂದು ಮಾತು. ಎನಾಮಲ್ ಅಂದರೆ ಪೇಂಟ್ ಅಲ್ಲ, ಗಾಜು. ಗಾಜಿನ ಪುಡಿಯನ್ನು ತಾಮ್ರದ ಮೇಲೆ ಹರಡಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಹಿಡಿಸಿರುತ್ತಾರೆ. ನಮ್ಮಲ್ಲಿ ಆಸ್ಪತ್ರೆಗಳಲ್ಲಿ ನೀಲಿ ಅಂಚಿನ ಬಿಳಿ ಎನಾಮಲ್ ತಟ್ಟೆ, ಮಗ್ ಇರುತ್ತಿದ್ದವಲ್ಲ, ಅದೇ ಜಾತಿ. ಅಲ್ಲಿ ಒಳಗೆ ಕಬ್ಬಿಣ, ಇಲ್ಲಿ ತಾಮ್ರ. ಆ ಮಗ್ ನೆಲಕ್ಕೆ ಬಿದ್ದರೆ ಚಕ್ಕೆ ಎದ್ದು ಕಪ್ಪು ಕಾಣುತ್ತಿತ್ತು. ಈ ಡಬ್ಬಿಗಳೂ ಹಾಗೆಯೇ ಕೆಡುತ್ತವೆ. ತಗಡು ಸ್ವಲ್ಪ ಬಗ್ಗಿದರೂ ಸಾಕು, ಗಾಜು ಬಗ್ಗುವುದಿಲ್ಲ, ಚಟ್ಟನೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಒಳಮೈಗೂ ಎನಾಮಲ್ ಕೊಟ್ಟಿರುತ್ತಾರೆ. ಬಿಸಿ ಆರುವಾಗ ತಾಮ್ರ ಗಾಜಿಗಿಂತ ಜಾಸ್ತಿ ಕುಗ್ಗುತ್ತದೆ. ಒಂದೇ ಕಡೆ ಗಾಜಿದ್ದರೆ ತಗಡು ಸೊಟ್ಟಗಾಗಿ ಗಾಜು ಸೀಳುತ್ತದೆ. ಎರಡೂ ಕಡೆ ಇದ್ದರೆ ಎಳೆತ ಸಮವಾಗುತ್ತದೆ.

ಮೊದಲ ವಾರ: ಕೀಲು

ಕೀಲಿನ ಕಡ್ಡಿಯ ತುದಿಗೆ ಅಯಸ್ಕಾಂತ ಹಿಡಿದೆ. ಅಂಟಿಕೊಂಡಿತು. ಹಿತ್ತಾಳೆ ಕೀಲಿಗೆ ಯಾರೋ ಉಕ್ಕಿನ ಕಡ್ಡಿ ಹಾಕಿದ್ದಾರೆ ಅಂತಾಯಿತು. ಲೆನ್ಸ್ ಹಾಕಿ ನೋಡಿದರೆ ಅದು ಹೊಲಿಗೆ ಸೂಜಿಯ ತುಂಡು. ಎರಡು ಬೇರೆ ಲೋಹ, ನಡುವೆ ತೇವ. ಅಲ್ಲಿ ತುಕ್ಕು ಹಿಡಿಯದೆ ಇರಲು ಸಾಧ್ಯವಿಲ್ಲ.

ಗಡಿಯಾರ ರಿಪೇರಿ ಮಾಡುವವರ ಹತ್ತಿರ ಇದಕ್ಕೊಂದು ಉಪಾಯ ಇದೆ. ಹಿತ್ತಾಳೆಯಲ್ಲಿ ಮುರಿದು ಉಳಿದ ಉಕ್ಕಿನ ಸ್ಕ್ರೂ ತೆಗೆಯಲು ಅದನ್ನು ಬಿಸಿ ಪಟಿಕದ ನೀರಿನಲ್ಲಿ ಇಡುತ್ತಾರೆ. ಪಟಿಕ ಉಕ್ಕನ್ನು ನಿಧಾನವಾಗಿ ತಿನ್ನುತ್ತದೆ, ಹಿತ್ತಾಳೆಯನ್ನು ಬಿಡುತ್ತದೆ. ನನಗೂ ಅದೇ ಮೊದಲು ಹೊಳೆದದ್ದು. ಆದರೆ ಪಟಿಕದ ನೀರು ಹುಳಿ. ಈ ಕಾಲದ ಎನಾಮಲ್‌ನಲ್ಲಿ ಸೀಸ ಜಾಸ್ತಿ. ಸೀಸದ ಗಾಜು ಹುಳಿಗೆ ತಡೆಯುವುದಿಲ್ಲ, ಮೇಲ್ಮೈ ಮಂಕಾಗುತ್ತದೆ. ಡಬ್ಬಿಯನ್ನು ನೀರಿನಲ್ಲಿ ಮುಳುಗಿಸುವುದೂ ತಪ್ಪು. ಬಿರುಕಿನ ಮೂಲಕ ನೀರು ತಾಮ್ರಕ್ಕೆ ಇಳಿದರೆ ಒಳಗೇ ಕಿಲುಬು ಬೆಳೆದು ಗಾಜನ್ನು ಮೇಲಕ್ಕೆ ತಳ್ಳುತ್ತದೆ. ಪಟಿಕ ಬಿಟ್ಟೆ.

ಡ್ರಿಲ್ ಕೂಡ ಬಿಟ್ಟೆ. ಸೂಜಿ ಗಟ್ಟಿ, ಬಿಟ್ ಜಾರಿ ಮೆತ್ತಗಿನ ಹಿತ್ತಾಳೆಗೆ ಹೋಗುತ್ತದೆ. ಸುತ್ತಿಗೆಯಂತೂ ಮುಟ್ಟಲೇಬಾರದು. ಸಣ್ಣ ಏಟು ಕೂಡ ತಗಡಿನಲ್ಲಿ ನಡುಕ ಹುಟ್ಟಿಸುತ್ತದೆ, ಸಡಿಲವಾದ ಚಕ್ಕೆ ಉದುರುತ್ತದೆ.

ಉಳಿದದ್ದು ಎಣ್ಣೆ ಮತ್ತು ತಾಳ್ಮೆ. ಸೂಜಿಮೊನೆಯಲ್ಲಿ ಒಂದು ಹನಿ ತೆಳು ಎಣ್ಣೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಎಣ್ಣೆ ಎನಾಮಲ್ ಕಡೆ ಹರಿಯದಂತೆ ಕೀಲಿನ ಸುತ್ತ ಹತ್ತಿ ಸುತ್ತಿದೆ. ಒಂದು ಮರದ ತುಂಡಿನಲ್ಲಿ ತೋಡು ಕೊರೆದು ಕೀಲನ್ನು ಅದರಲ್ಲಿ ಕೂರಿಸಿದೆ. 0.7 ಮಿಲಿಮೀಟರ್ ಉಕ್ಕಿನ ತಂತಿಯನ್ನು ಸಣ್ಣ ವೈಸ್‌ನಲ್ಲಿ ಹಿಡಿದು, ಕಡ್ಡಿಯ ತುದಿಗೆ ಒತ್ತಿ, ಕಾಲು ಸುತ್ತು ಬಿಗಿ ಮಾಡಿ ಬಿಡುತ್ತಿದ್ದೆ. ಏಟಿಲ್ಲ, ಬರೀ ಒತ್ತಡ. ಐದನೇ ದಿನ ಸಂಜೆ ಕಡ್ಡಿ ಕೂದಲೆಳೆಯಷ್ಟು ಸರಿಯಿತು. ಆಮೇಲೆ ಎರಡು ದಿನದಲ್ಲಿ ಪೂರ್ತಿ ಹೊರಬಂತು. ಅದನ್ನು ಪುಟ್ಟ ಪೊಟ್ಟಣ ಕಟ್ಟಿ ಇಟ್ಟಿದ್ದೇನೆ. ಅದೂ ಈ ಡಬ್ಬಿಯ ಕಥೆಯೇ ಅಲ್ವಾ.

ಮುಚ್ಚಳ ಎತ್ತಿದಾಗ ಒಳಗಿನ ಮೂಲೆಗಳಿಂದ ಕಂದು ಪುಡಿ ಉದುರಿತು. ಬಿಳಿ ಕಾಗದದ ಮೇಲೆ ಹಿಡಿದು ಮೂಗಿನ ಹತ್ತಿರ ತಂದೆ. ವಾಸನೆ ಹೆಚ್ಚು ಉಳಿದಿರಲಿಲ್ಲ, ಆದರೂ ಗೊತ್ತಾಯಿತು. ನಶ್ಯ.

ಹಾಸನದಲ್ಲಿ ನಮ್ಮ ತಾತ ನಶ್ಯ ಹಾಕುತ್ತಿದ್ದರು. ಅವರದು ಸಾದಾ ತಗಡಿನ ಡಬ್ಬಿ, ಪಂಚೆಯ ಮಡಿಕೆಯಲ್ಲಿ ಇರುತ್ತಿತ್ತು. ತೆರೆಯುವ ಮುಂಚೆ ಮುಚ್ಚಳದ ಮೇಲೆ ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದರು, ಮುಚ್ಚಳಕ್ಕೆ ಹತ್ತಿದ ಪುಡಿ ಕೆಳಗೆ ಬೀಳಲಿ ಅಂತ. 18ನೇ ಶತಮಾನದ ಇಂಗ್ಲೆಂಡಿನಲ್ಲೂ ನಶ್ಯ ಹಾಕುವವರು ಹೀಗೆಯೇ ಮುಚ್ಚಳ ತಟ್ಟಿ ತೆರೆಯುತ್ತಿದ್ದರು. ಇದನ್ನು ಓದಿದ ದಿನ ನಾನು ತಾತನ ಬಗ್ಗೆ ತುಂಬಾ ಹೊತ್ತು ಯೋಚಿಸಿದೆ. ಕಂದು ಪುಡಿಯನ್ನು ಎಸೆಯಲಿಲ್ಲ. ಚಿಕ್ಕ ಗಾಜಿನ ಸೀಸೆಯಲ್ಲಿ ತುಂಬಿಟ್ಟೆ.

ಮುಚ್ಚಳದ ಒಳಮೈಯಲ್ಲಿ ಇನ್ನೊಂದು ಉಡುಗೊರೆ ಕಾದಿತ್ತು. ಬಿಳಿ ನೆಲದ ಮೇಲೆ ಕೈಯಲ್ಲಿ ಬರೆದ ಹೂವಿನ ಒಂದು ಚಿಗುರು. ಒಂದು ಗುಲಾಬಿ, ಎರಡು ಮೊಗ್ಗು, ನಾಲ್ಕು ಎಲೆ. ಬೆಳಕು ಕಾಣದೆ ಇದ್ದದ್ದರಿಂದ ಕೊಳೆಯೂ ಇಲ್ಲ, ಗೀರೂ ಇಲ್ಲ.

ಎರಡು ಮತ್ತು ಮೂರನೇ ವಾರ: ಹಳೆ ರಿಪೇರಿಯನ್ನು ತೆಗೆದದ್ದು

ಈ ಒಂಬತ್ತು ವಾರದಲ್ಲಿ ನಿಜವಾದ ಕೆಲಸ ಅಂದರೆ ಇದೇ.

ರಾತ್ರಿ ದೀಪ ಆರಿಸಿ ಅಲ್ಟ್ರಾವಯಲೆಟ್ ಟಾರ್ಚ್ ಹಿಡಿದೆ. ಹಳೆ ಪೇಂಟ್ ಒಂದು ರೀತಿ ಹೊಳೆಯುತ್ತದೆ, ಎನಾಮಲ್ ಇನ್ನೊಂದು ರೀತಿ. ಹಗಲಿನಲ್ಲಿ ಉಗುರಿನಷ್ಟು ಕಾಣುತ್ತಿದ್ದ ಮಚ್ಚೆ ಆ ಬೆಳಕಿನಲ್ಲಿ ಹಬ್ಬಿಕೊಂಡಿತ್ತು. ಅಳೆದೆ. ಉದ್ದ 24 ಮಿಲಿಮೀಟರ್, ಅಗಲ 17. ಅಂಚಿನಲ್ಲಿ ಗುಲಾಬಿ ನೆಲದ ಮೇಲೂ ತೆಳ್ಳಗೆ ಗುಲಾಬಿ ಪೇಂಟ್ ಸವರಿ, ಹೊಸದು ಹಳೆಯದರಲ್ಲಿ ಬೆರೆಯುವಂತೆ ಮಾಡಿದ್ದರು.

ಮೊದಲು ಬರೀ ಕೊಳೆ ತೆಗೆದೆ. ಡಿಸ್ಟಿಲ್ಡ್ ವಾಟರ್‌ಗೆ ಸ್ವಲ್ಪ ಆಲ್ಕೊಹಾಲ್ ಸೇರಿಸಿ, ಬಿದಿರಿನ ಕಡ್ಡಿಗೆ ಹತ್ತಿ ಸುತ್ತಿ, ಹಿಂಡಿ, ಉರುಳಿಸುತ್ತಾ ಹೋಗುವುದು. ಉಜ್ಜಬಾರದು. ಉರುಳಿಸಿದರೆ ಕೊಳೆ ಹತ್ತಿಗೆ ಹತ್ತುತ್ತದೆ, ಉಜ್ಜಿದರೆ ಬಳ್ಳಿಯ ಮೇಲಿನ ಚಿನ್ನ ಹೋಗುತ್ತದೆ. ಎನಾಮಲ್ ಡಬ್ಬಿಯಲ್ಲಿ ಚಿನ್ನ ಯಾವಾಗಲೂ ಕೊನೆಗೆ ಬರುತ್ತದೆ. ಮೊದಲು ಬಿಳಿ ನೆಲ, ಆಮೇಲೆ ಬಣ್ಣಗಳು, ಕೊನೆಗೆ ಚಿನ್ನ. ಪ್ರತಿ ಸಲ ಕುಲುಮೆಯ ಶಾಖ ಹಿಂದಿನದಕ್ಕಿಂತ ಕಡಿಮೆ, ಇಲ್ಲದಿದ್ದರೆ ಕೆಳಗಿನದು ಮತ್ತೆ ಕರಗುತ್ತದೆ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಕಡಿಮೆ ಶಾಖದಲ್ಲಿ ಕೂತದ್ದು ಚಿನ್ನ. ಅದಕ್ಕೇ ಮೊದಲು ಸವೆಯುವುದೂ ಅದೇ.

ಪೇಂಟ್ ಕರಗಿಸಲು ಅಸಿಟೋನ್ ಎಂಬ ದ್ರಾವಕ ಬೇಕಾಯಿತು. ಗಾಜಿಗೂ ಕುಲುಮೆಯಲ್ಲಿ ಸುಟ್ಟು ಕೂರಿಸಿದ ಚಿನ್ನಕ್ಕೂ ಅಸಿಟೋನ್ ಏನೂ ಮಾಡುವುದಿಲ್ಲ. ಆದರೆ ಇಡೀ ಮುಚ್ಚಳಕ್ಕೆ ಸುರಿಯುವಂತಿಲ್ಲ. ಅಸಿಟೋನ್‌ನಲ್ಲಿ ಅದ್ದಿದ ಅಕ್ಕಿಕಾಳಿನಷ್ಟು ಹತ್ತಿಯನ್ನು ಪೇಂಟ್ ಮೇಲೆ ಇಟ್ಟು, ಆರದಂತೆ ಮೇಲೆ ಚಿಕ್ಕ ಗಾಜಿನ ಮುಚ್ಚಳ ಕವುಚಿ, ಐದು ನಿಮಿಷ ಬಿಡುತ್ತಿದ್ದೆ. ಪೇಂಟ್ ಮೆತ್ತಗಾಗಿ ಸುಕ್ಕಾಗುತ್ತಿತ್ತು. ಸ್ಕಾಲ್ಪೆಲ್‌ನ ಬ್ಲೇಡನ್ನು ಮಲಗಿಸಿ ಎತ್ತುತ್ತಿದ್ದೆ. ಒಂದು ಸಂಜೆಗೆ ಎರಡು ಮೂರು ಮಿಲಿಮೀಟರ್. ಕಿಟಕಿ ತೆರೆದಿರಬೇಕು, ಹತ್ತಿರ ಬೆಂಕಿ ಇರಬಾರದು.

ಪೇಂಟ್ ಕೆಳಗೆ ಪ್ಲಾಸ್ಟರ್. ಪ್ಲಾಸ್ಟರ್ ಕೆಳಗೆ, ಮೂರನೇ ಸಂಜೆ, ಹಸಿರು ಕಂಡಿತು.

ಅದು ಹುಲ್ಲು. ಮಾರನೇ ದಿನ ಹುಲ್ಲಿನ ಮೇಲೆ ಒಂದು ಗೊರಸು. ಆಮೇಲೆ ಮೇಕೆಯ ಹಿಂಗಾಲು, ಹೊಟ್ಟೆ, ಗಡ್ಡ. ವಾರ ಮುಗಿಯುವಾಗ ಮೇಕೆಯ ಹಿಂದೆ ಒಬ್ಬ ಹುಡುಗನ ಟೋಪಿ ಮತ್ತು ಕೆನ್ನೆ ಮೂಡಿತ್ತು. ಎಲ್ಲವೂ ಒರಿಜಿನಲ್, ಎಲ್ಲವೂ ಗಟ್ಟಿ. ಯಾವುದಕ್ಕೂ ಏನೂ ಆಗಿರಲಿಲ್ಲ. ನಿಜವಾಗಿ ಎನಾಮಲ್ ಹಾರಿಹೋದ ಗುಳಿ ಬರೀ 7 ಮಿಲಿಮೀಟರ್ ಉದ್ದ, 4 ಮಿಲಿಮೀಟರ್ ಅಗಲ. ಆ ಗುಳಿ ಮುಚ್ಚಲು ಅದರ ಹತ್ತು ಪಾಲಿಗಿಂತ ಜಾಸ್ತಿ ಜಾಗದ ಚಿತ್ರವನ್ನು ಹೂತು ಹಾಕಿದ್ದರು.

ಈ ಕೆಲಸಕ್ಕೆ ಕೈ ಹಾಕುವ ಎಲ್ಲರಿಗೂ ನಾನು ಹೇಳಬೇಕಾದ ಮಾತು ಇದೊಂದೇ. ಗುಳಿ ಎಷ್ಟಿದೆಯೋ ಅಷ್ಟನ್ನೇ ತುಂಬಿ. ಅಂಚು ದಾಟಬೇಡಿ. ಹೊಸ ಬಣ್ಣ ಹಳೆಯದಕ್ಕೆ ಸರಿಯಾಗಿ ಹೊಂದಲಿಲ್ಲ ಅಂದರೆ ಹೊಸದನ್ನು ಮತ್ತೆ ಕಲಸಿ. ಹಳೆಯದರ ಮೇಲೆ ಸವರಿ ಹೊಂದಿಸಬೇಡಿ.

ಹತ್ತು ಪಟ್ಟು ದೊಡ್ಡದಾಗಿ ಕಾಣುವ ಲೆನ್ಸ್‌ನಲ್ಲಿ ಹುಡುಗನ ಟೋಪಿ ನೋಡಿದೆ. ಬಣ್ಣದ ಕೆಳಗೆ ಸಣ್ಣ ಸಣ್ಣ ಸಮಾನಾಂತರ ಗೆರೆಗಳು. ಕೈಯಲ್ಲಿ ಎಳೆದವಲ್ಲ, ಅಚ್ಚಿನವು. ತಾಮ್ರದ ಫಲಕದ ಮೇಲೆ ಚಿತ್ರ ಕೆತ್ತಿ, ಮಸಿ ತುಂಬಿ, ತೆಳು ಕಾಗದಕ್ಕೆ ಒತ್ತಿ, ಆ ಕಾಗದವನ್ನು ಎನಾಮಲ್ ಮೇಲೆ ಒತ್ತಿದರೆ ಗೆರೆಗಳು ಅಲ್ಲಿಗೆ ಹೋಗುತ್ತವೆ. ಆಮೇಲೆ ಒಳಗೆ ಕೈಯಿಂದ ಬಣ್ಣ ತುಂಬುತ್ತಾರೆ. ಈ ವಿದ್ಯೆಗೆ 1751ರಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಪೇಟೆಂಟ್ ಕೇಳಿದವರು ಜಾನ್ ಬ್ರೂಕ್ಸ್ ಎಂಬ ಐರಿಷ್ ಕೆತ್ತನೆಗಾರರು. ಅವರೇ ಮುಂದೆ ಬ್ಯಾಟರ್‌ಸಿಗೆ ಪಾಲುದಾರರಾಗಿ ಹೋದರು. ಬ್ಯಾಟರ್‌ಸಿ ಮುಚ್ಚಿದ ಮೇಲೂ ವಿದ್ಯೆ ಈ ಕಡೆಯ ಊರುಗಳಲ್ಲಿ ನಡೆದುಕೊಂಡು ಬಂತು.

ಇದು ಪ್ಯಾರಿಸ್ಸಿನ ಸ್ಯಾಮ್ಸನ್ ಕಂಪನಿಯ ನಕಲು ಇರಬಹುದೇ ಅನ್ನುವ ಅಳುಕು ನನಗೆ ಮೊದಲ ದಿನದಿಂದ ಇತ್ತು. 1845ರಲ್ಲಿ ಶುರುವಾದ ಆ ಕಂಪನಿ ಬಹಳ ಚೆನ್ನಾದ ನಕಲುಗಳನ್ನು ಮಾಡಿತು, ಅವು ಇವತ್ತಿಗೂ ಬಿಲ್‌ಸ್ಟನ್ ಹೆಸರಿನಲ್ಲಿ ಮಾರಾಟವಾಗುತ್ತವೆ. ಒಂದೇ ಗುರುತು ಹಿಡಿದು ತೀರ್ಮಾನ ಮಾಡಬಾರದು. ಬಣ್ಣದ ಕೆಳಗಿನ ಅಚ್ಚಿನ ಗೆರೆ, ಅಂಚಿನ ಸುತ್ತ ಒಮ್ಮೆಯೂ ಬಿಚ್ಚದ ಲೋಹದ ಕಟ್ಟು, ಅದರ ಸಂದಿಯಲ್ಲಿ ಕೂತ ನಶ್ಯ, ಸವೆತ ಇರಬೇಕಾದ ಕಡೆಯೇ ಇದ್ದ ಸವೆತ, ಇವೆಲ್ಲ ಸೇರಿ ನನಗೆ ಧೈರ್ಯ ಕೊಟ್ಟವು. ನನ್ನ ಅಂದಾಜಿನಲ್ಲಿ ಇದು 1770ರ ಆಸುಪಾಸಿನದು.

ನಾಲ್ಕನೇ ವಾರ: ಗುಳಿ ಮತ್ತು ಕಿಲುಬು

ಗುಳಿಯ ತಳದಲ್ಲಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು. ತಾಮ್ರ ಅಂದ ಕೂಡಲೇ ನಮಗೆ ಹುಣಸೆಹಣ್ಣು ನೆನಪಾಗುತ್ತದೆ. ಮನೆಯ ಚೊಂಬಿಗೆ ಅದು ಸರಿ, ಇಲ್ಲಿ ಬೇಡವೇ ಬೇಡ. ಪಟಿಕಕ್ಕೆ ಹೇಳಿದ ಕಾರಣವೇ ಇದಕ್ಕೂ. ಚೂಪು ಮಾಡಿದ ಬಿದಿರಿನ ಕಡ್ಡಿಯಿಂದ ಕೆದಕಿ, ಕದಲದ ಕಡೆ ಮಾತ್ರ ಸ್ಕಾಲ್ಪೆಲ್ ಮೊನೆ ಮುಟ್ಟಿಸಿ, ಪುಡಿಯನ್ನು ಒದ್ದೆ ಹತ್ತಿಯಿಂದ ತೆಗೆದೆ. ಆ ಪುಡಿಯಲ್ಲಿ ಸೀಸದ ಗಾಜಿನ ಚೂರೂ ಇರಬಹುದು. ಮಾಸ್ಕ್, ಗ್ಲೌಸ್ ಹಾಕಿಕೊಂಡು, ಊಟದ ಮೇಜಿನಿಂದ ದೂರ ಕೂತು ಮಾಡಬೇಕಾದ ಕೆಲಸ ಇದು. ಊದಿ ಹಾರಿಸಬಾರದು.

ಗುಳಿಯ ಅಂಚಿನಿಂದ ಮೂರು ಬಿರುಕು ಹೊರಟಿದ್ದವು. ಅವುಗಳಲ್ಲಿ ಒಂದರ ಪಕ್ಕ ಎನಾಮಲ್ ತಾಮ್ರದಿಂದ ಬಿಟ್ಟುಕೊಂಡು ಅಲ್ಲಾಡುತ್ತಿತ್ತು. ಇಲ್ಲಿ ಪ್ಯಾರಲಾಯ್ಡ್ ಬಿ-72 ಬಳಸಿದೆ. ಇದು ಅಕ್ರಿಲಿಕ್ ರಾಳ, ಮ್ಯೂಸಿಯಂಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ, ಹಳದಿಯಾಗುವುದಿಲ್ಲ, ಬೇಡ ಅಂದಾಗ ಅಸಿಟೋನ್‌ನಲ್ಲಿ ಕರಗಿಸಿ ತೆಗೆಯಬಹುದು. 100 ಮಿಲಿಲೀಟರ್ ಅಸಿಟೋನ್‌ಗೆ 5 ಗ್ರಾಂ ರಾಳ. ನುಣುಪು ಕುಂಚದ ತುದಿಯಿಂದ ಬಿರುಕಿನ ಬಾಯಿಗೆ ಒಂದು ಹನಿ ಮುಟ್ಟಿಸಿದರೆ ಬಿರುಕು ತಾನೇ ಹೀರಿಕೊಳ್ಳುತ್ತದೆ. ಅದನ್ನು ನೋಡುವುದೇ ಒಂದು ಸಂತೋಷ. ಒಂದು ದಿನ ಬಿಟ್ಟು ಮತ್ತೊಂದು ಹನಿ. ಮೂರು ಸಲಕ್ಕೆ ಅಲ್ಲಾಟ ನಿಂತಿತು.

ಮತ್ತೆ ಎನಾಮಲ್ ಹಾಕಿ ಕುಲುಮೆಯಲ್ಲಿ ಸುಡಬಹುದಲ್ವಾ ಅಂತ ಗೆಳೆಯರು ಕೇಳಿದರು. ನಾನೂ ಒಮ್ಮೆ ಯೋಚಿಸಿದ್ದೆ. ಮಾಡಬಾರದು. ಇನ್ನೂರೈವತ್ತು ವರ್ಷದಲ್ಲಿ ಬಿರುಕುಗಳ ಒಳಗೆ ತೇವ, ಜಿಡ್ಡು, ಕಿಲುಬು ಸೇರಿರುತ್ತದೆ. ಶಾಖಕ್ಕೆ ಅದೆಲ್ಲ ಗುಳ್ಳೆಯಾಗಿ ಏಳುತ್ತದೆ. ಬಣ್ಣ ಹರಿಯುತ್ತದೆ. ಲೋಹದ ಕಟ್ಟನ್ನು ಬಿಚ್ಚಬೇಕಾಗುತ್ತದೆ, ಬಿಚ್ಚುವಾಗ ಅಂಚಿನ ಎನಾಮಲ್ ಹೋಗುತ್ತದೆ. ಒಂದು ಚಿಕ್ಕ ಗುಳಿಗಾಗಿ ಇಡೀ ಡಬ್ಬಿಯನ್ನು ಪಣಕ್ಕಿಟ್ಟ ಹಾಗೆ.

ಐದರಿಂದ ಏಳನೇ ವಾರ: ತುಂಬಿದ್ದು, ತೆಗೆದದ್ದು, ಮತ್ತೆ ತುಂಬಿದ್ದು

ಮೊದಲು ಗುಳಿಯ ಗೋಡೆಗೆ ಮತ್ತು ತಳಕ್ಕೆ ಪ್ಯಾರಲಾಯ್ಡ್‌ನ ಒಂದು ಪದರ ಕೊಟ್ಟೆ. ಇದು ಬಹಳ ಮುಖ್ಯ. ಮೇಲೆ ಹಾಕುವ ಎಪಾಕ್ಸಿ (ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ರಾಳ) ಅಸಿಟೋನ್‌ಗೆ ಕರಗುವುದಿಲ್ಲ, ಆದರೆ ಕೆಳಗಿನ ಈ ಪದರ ಕರಗುತ್ತದೆ. ಮುಂದೆ ಯಾರಿಗಾದರೂ ನನ್ನ ಕೆಲಸ ತೆಗೆಯಬೇಕು ಅನ್ನಿಸಿದರೆ ತುಂಡಾಗಿ ಎದ್ದು ಬರುತ್ತದೆ.

ಎಪಾಕ್ಸಿಗೆ ಹೆಕ್ಸ್‌ಟಾಲ್ ಆರಿಸಿದೆ. ಗಾಜು ಜೋಡಿಸುವವರು ಬಳಸುವ, ನೀರಿನಷ್ಟು ತಿಳಿಯಾದ, ಹಳದಿಯಾಗದ ಎಪಾಕ್ಸಿ ಅದು. ತೂಕದಲ್ಲಿ ಮೂರು ಪಾಲು ರಾಳಕ್ಕೆ ಒಂದು ಪಾಲು ಗಟ್ಟಿ ಮಾಡುವ ದ್ರವ. ಅಂದಾಜಿನಲ್ಲಿ ಕಲಸಬಾರದು, ತಕ್ಕಡಿ ಬೇಕೇ ಬೇಕು. ಗಟ್ಟಿಯಾಗಲು ಸುಮಾರು ಒಂದು ವಾರ. ಬಿಳಿಗೆ ಟೈಟೇನಿಯಂ ವೈಟ್ ಪುಡಿ. ಇಂಗ್ಲಿಷ್ ಎನಾಮಲ್‌ನ ಬಿಳಿಯಲ್ಲಿ ತುಸು ನೀಲಿ ಛಾಯೆ ಇರುತ್ತದೆ. ಅದಕ್ಕೆ ಅಲ್ಟ್ರಾಮರೀನ್ ಪುಡಿಯನ್ನು ಸೂಜಿಮೊನೆಯಷ್ಟು ಸೇರಿಸಿದೆ. ಹರಿಯದಂತೆ ಮಂದ ಮಾಡಲು ಫ್ಯೂಮ್ಡ್ ಸಿಲಿಕಾ ಎಂಬ ಹಗುರ ಪುಡಿ.

ಮೊದಲ ಸಲ ಮಾಡಿದ್ದು ಡಿಸೆಂಬರ್‌ನಲ್ಲಿ, ಹಿತ್ತಲಿನ ಶೆಡ್‌ನಲ್ಲಿ. ರಾತ್ರಿ ಅಲ್ಲಿ ಚಳಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತಿತ್ತು. ಎಂಟನೇ ದಿನವೂ ಬೆರಳು ಮುಟ್ಟಿಸಿದರೆ ಅಂಟುತ್ತಿತ್ತು. ಕೆಳಗಿನ ಪದರ ಅಲ್ಲೇ ಕೆಲಸಕ್ಕೆ ಬಂತು. ಅಂಚಿಗೆ ಅಸಿಟೋನ್ ಮುಟ್ಟಿಸಿ ಹತ್ತು ನಿಮಿಷದಲ್ಲಿ ಪೂರ್ತಿ ತೆಗೆದೆ, ಒರಿಜಿನಲ್‌ಗೆ ಏನೂ ಆಗಲಿಲ್ಲ. ಎರಡನೇ ಸಲ ಮನೆಯೊಳಗೆ, 22 ಡಿಗ್ರಿ ಇರುವ ಕೋಣೆಯಲ್ಲಿ ಮಾಡಿದೆ. ಮೂರನೇ ದಿನ ಅದು ಬರ್ಫಿ ಕತ್ತರಿಸುವ ಹದಕ್ಕೆ ಬಂತು. ಆ ಹದದಲ್ಲಿ ಹೊಸ ಬ್ಲೇಡಿನಿಂದ ಉಬ್ಬಿದ ಭಾಗವನ್ನು ಬೆಣ್ಣೆಯ ಹಾಗೆ ಸವರಿ ತೆಗೆಯಬಹುದು. ನಾನು ಆ ಸಂಜೆ ಕೆಲಸದಿಂದ ತಡವಾಗಿ ಬಂದೆ, ಬಿಟ್ಟೆ. ಅದು ನನ್ನ ತಪ್ಪು.

ಪೂರ್ತಿ ಗಟ್ಟಿಯಾದ ಮೇಲೆ ಉಳಿದದ್ದು ಉಪ್ಪುಕಾಗದ. 1200 ನಂಬರಿನದನ್ನು ಕಡ್ಡಿಗೆ ಸುತ್ತಿ, ನೀರು ಹಚ್ಚಿ, ಮೆಲ್ಲಗೆ ತಿಕ್ಕಿದೆ. ಸೀಸದ ಎನಾಮಲ್ ಮೆತ್ತಗಿನ ಗಾಜು. ಉಪ್ಪುಕಾಗದದ ಹರಳು ಅದಕ್ಕಿಂತ ಎಷ್ಟೋ ಗಟ್ಟಿ. ಒಂದು ಸಲ ಕೈ ಅಂಚು ದಾಟಿತು, ಗುಲಾಬಿ ನೆಲದ ಮೇಲೆ ಎರಡು ಗೀರು ಬಿತ್ತು. ಉದ್ದ 4 ಮಿಲಿಮೀಟರ್. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಆ ಗುಲಾಬಿ ಬಣ್ಣ ಬರುವುದು ಬಂಗಾರದಿಂದ. ಕರಗಿಸಿದ ಬಂಗಾರವನ್ನು ತವರದ ಜೊತೆ ಸೇರಿಸಿ ಮಾಡಿದ ನೇರಳೆ ಪುಡಿ ಗಾಜಿನಲ್ಲಿ ಹೀಗೆ ಅರಳುತ್ತದೆ. ಅಂಥ ನೆಲಕ್ಕೆ ನನ್ನ ಕೈಯಿಂದ ಗೀರು ಬಿತ್ತು, ಮನಸ್ಸಿಗೆ ತುಂಬಾ ನೋವಾಯಿತು. ಎರಡು ದಿನ ಡಬ್ಬಿ ಮುಟ್ಟಲಿಲ್ಲ. ಆಮೇಲೆ ಗುಳಿಯ ಸುತ್ತ ತೆಳು ಟೇಪ್ ಹಚ್ಚಿ ಉಳಿದದ್ದನ್ನು ಮುಗಿಸಿದೆ. ಟೇಪ್ ಮೊದಲೇ ಹಚ್ಚಬೇಕಿತ್ತು. ನೀವು ಮೊದಲೇ ಹಚ್ಚಿ. ಅದಕ್ಕೂ ಮುಂಚೆ, ಬರ್ಫಿ ಹದ ತಪ್ಪಿಸಬೇಡಿ.

ಎಂಟನೇ ವಾರ: ಹುಡುಗನ ಕೈ

ಗುಳಿ ಬಿದ್ದದ್ದು ಹುಡುಗನ ಬಲಗೈ ಇರಬೇಕಾದ ಜಾಗದಲ್ಲಿ. ಭುಜ ಇದೆ, ಕೈ ಇಲ್ಲ. ಕೈಯಲ್ಲಿ ಏನಿತ್ತು? ಕೋಲೇ, ಕೊಳಲೇ, ಮೇಕೆಗೆ ಕೊಡುವ ಸೊಪ್ಪೇ?

ಆ ಕಾಲದ ಎನಾಮಲ್ ಕೆಲಸಗಾರರು ಚಿತ್ರವನ್ನು ತಾವೇ ಕಲ್ಪಿಸಿಕೊಳ್ಳುತ್ತಿದ್ದದ್ದು ಕಡಿಮೆ. ಅಚ್ಚಾದ ಮಾದರಿ ಚಿತ್ರಗಳನ್ನು ನೋಡಿ ಮಾಡುತ್ತಿದ್ದರು, ಒಂದೇ ಚಿತ್ರ ಹಲವು ಡಬ್ಬಿಗಳ ಮೇಲೆ ಬರುತ್ತಿತ್ತು. ಹಾಗಾಗಿ ಜೋಡಿ ಸಿಗಬಹುದು ಅಂತ ಹುಡುಕಿದೆ. ವುಲ್ವರ್‌ಹ್ಯಾಂಪ್ಟನ್ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿ ಈ ಕಡೆಯ ಎನಾಮಲ್‌ಗಳು ಬಹಳ ಇವೆ. ಗಾಜಿನ ಮುಂದೆ ಎರಡು ಶನಿವಾರ ನಿಂತೆ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂಗೂ ಹೋದೆ. ಅಲ್ಲಿ ಲೇಡಿ ಶಾರ್ಲಟ್ ಶ್ರೈಬರ್ 1884ರಲ್ಲಿ ಕೊಟ್ಟ ಸಂಗ್ರಹ ಇದೆ. ಗುಲಾಬಿ ನೆಲ ನೋಡಿದೆ, ಪಚ್ಚೆ ನೆಲ ನೋಡಿದೆ, ಕಡುನೀಲಿ ನೋಡಿದೆ, ಹಕ್ಕಿಯ ಆಕಾರದ ಮಿಠಾಯಿ ಡಬ್ಬಿ ನೋಡಿದೆ. ನನ್ನ ಹುಡುಗ ಮಾತ್ರ ಎಲ್ಲೂ ಸಿಗಲಿಲ್ಲ.

ಕೈ ಬರೆಯುವುದು ಕಷ್ಟವೇನಲ್ಲ. ಆದರೆ ನಾನು ಬರೆದರೆ ಅದು ನನ್ನ ಊಹೆ. ನೂರು ವರ್ಷದ ನಂತರ ಈ ಡಬ್ಬಿ ಹಿಡಿದವರು ಅದನ್ನೇ ನಿಜ ಅಂದುಕೊಳ್ಳುತ್ತಾರೆ. ಹಾಗಾಗಿ ಬರೆಯಲಿಲ್ಲ. ಬಿಳಿಯಾಗಿ ಬಿಟ್ಟರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಮೇಕೆ, ಮರ ಯಾವುದೂ ಕಾಣುವುದಿಲ್ಲ. ಹಿಂದಿನ ಹುಲ್ಲಿನ ಹಸಿರು ಮತ್ತು ಆಕಾಶದ ಮಂಕು ನೀಲಿಯನ್ನು ಮಾತ್ರ ತೆಳುವಾಗಿ ಕೊಟ್ಟೆ, ಎಪಾಕ್ಸಿಯ ಮೇಲೆ, ಅಂಚಿನೊಳಗೆ. ಅರ್ಧ ಅಡಿ ದೂರದಿಂದ ನೋಡಿದರೆ ಚಿತ್ರ ಒಂದಾಗಿ ಕಾಣುತ್ತದೆ. ಹತ್ತಿರ ತಂದರೆ ಗುಳಿಯ ಆಕಾರ ತಿಳಿಯುತ್ತದೆ. ನನಗೆ ಬೇಕಾದದ್ದೂ ಅಷ್ಟೇ.

ಚಿನ್ನ ಮುಟ್ಟಲಿಲ್ಲ. ಮುಚ್ಚಳದ ಮುಂಭಾಗದಲ್ಲಿ, ನಡುವೆ, ಬಳ್ಳಿಯ ಚಿನ್ನ ಪೂರ್ತಿ ಸವೆದಿದೆ. ಡಬ್ಬಿಯನ್ನು ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳು ತಾನಾಗಿ ಅಲ್ಲೇ ಕೂರುತ್ತದೆ. ಅದು ಕೆಟ್ಟದ್ದಲ್ಲ, ಬಳಸಿದ್ದು. ಹಾಗೆಯೇ ಇರಲಿ. ಅಂಗಡಿಯಲ್ಲಿ ಸಿಗುವ ‘ಗೋಲ್ಡ್ ಪೇಂಟ್’ ಮಾತ್ರ ಯಾರೂ ಹಚ್ಚಬೇಡಿ. ಅದು ಹೆಚ್ಚಾಗಿ ಹಿತ್ತಾಳೆ ಪುಡಿ, ಕೆಲವು ವರ್ಷಕ್ಕೆ ಕಂದಾಗುತ್ತದೆ.

ಸೆಂಟ್ ಬಾಟಲಿಯ ವಿಷಯ ಚಿಕ್ಕದು. ಅದರ ಮೇಲ್ಮೈ ಚೆನ್ನಾಗಿದೆ. ಆದರೆ ಕತ್ತಿನ ಲೋಹದ ಕಟ್ಟಿನ ಸುತ್ತ ಎನಾಮಲ್ ತೆಳು ಪದರಗಳಾಗಿ ಬಿಡುತ್ತಿದೆ, ಒಳಗೆ ಕಿಲುಬು ಬೆಳೆಯುತ್ತಿದೆ. ಬಿರಡೆ ತಿರುಗಿಸಿದರೆ ಕತ್ತು ಉದುರುತ್ತದೆ. ಅದು ನನ್ನ ಕೈಗೆ ಮೀರಿದ ಕೆಲಸ. ಮೆತ್ತನೆಯ ಕಾಗದದಲ್ಲಿ ಸುತ್ತಿ, ಜೊತೆಗೆ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ, ಡಬ್ಬದಲ್ಲಿ ಮುಚ್ಚಿಟ್ಟಿದ್ದೇನೆ. ಕಲಿತವರ ಹತ್ತಿರ ಒಯ್ಯುತ್ತೇನೆ.

ಒಂಬತ್ತನೇ ವಾರ

ಕೀಲಿಗೆ 0.8 ಮಿಲಿಮೀಟರ್ ಹಿತ್ತಾಳೆ ತಂತಿ ಹಾಕಿದೆ. ಮೊದಲು ತಂತಿಯನ್ನು ಮೇಣದ ಮೇಲೆ ಎಳೆದುಕೊಂಡೆ, ಸರಾಗವಾಗಿ ಹೋಯಿತು. ತುದಿಗಳನ್ನು ಏಟು ಹೊಡೆದು ಅಗಲ ಮಾಡಲಿಲ್ಲ. ಎರಡು ಕಡೆ ಪ್ಯಾರಲಾಯ್ಡ್‌ನ ಒಂದೊಂದು ಹನಿ, ಅಷ್ಟೇ. ಮುಂದಿನವರು ತೆಗೆಯಬೇಕಾದರೆ ಐದು ನಿಮಿಷದ ಕೆಲಸ.

ಮುಚ್ಚಳ ಮುಚ್ಚಿದೆ. ಸಣ್ಣಗೆ ಟಕ್ ಅಂತ ಕೂತಿತು. ಸಂದಿಯಲ್ಲಿ ಬೆಳಕು ಕಾಣಲಿಲ್ಲ. ನಶ್ಯ ಒಣಗದಂತೆ ಇರಲು ಮುಚ್ಚಳ ಹೀಗೆ ಬಿಗಿಯಾಗಿ ಕೂರಬೇಕು. ಆ ಕಾಲದ ಲೋಹದ ಕೆಲಸದವರು ಇದನ್ನು ಎಷ್ಟು ಚೆನ್ನಾಗಿ ಮಾಡಿದ್ದರು ಅಂದರೆ, ಆ ಲೋಹದ ಕಟ್ಟಿಗೆ ನಾನು ಏನೂ ಮಾಡಬೇಕಾಗಲಿಲ್ಲ.

ಕೊನೆಗೆ ಆಮ್ಲವಿಲ್ಲದ ಕಾಗದದ ಒಂದು ಚೂರು ಕತ್ತರಿಸಿ, ಪೆನ್ಸಿಲ್‌ನಲ್ಲಿ ಬರೆದೆ. ಗುಳಿಯ ಅಳತೆ 7 ಮತ್ತು 4 ಮಿಲಿಮೀಟರ್. ಕೆಳಗೆ ಪ್ಯಾರಲಾಯ್ಡ್ ಬಿ-72, ಅಸಿಟೋನ್‌ನಲ್ಲಿ ಕರಗುತ್ತದೆ. ಮೇಲೆ ಹೆಕ್ಸ್‌ಟಾಲ್. ಹುಡುಗನ ಬಲಗೈ ಇರಲಿಲ್ಲ, ಬರೆದಿಲ್ಲ. ಗುಲಾಬಿ ನೆಲದ ಎರಡು ಗೀರು ನನ್ನವು. ಇಂಗ್ಲಿಷ್‌ನಲ್ಲಿ ಒಂದು ಸಲ, ಹಿಂದೆ ಕನ್ನಡದಲ್ಲಿ ಒಂದು ಸಲ. ನಾಲ್ಕಾಗಿ ಮಡಚಿ ಒಳಗಿಟ್ಟೆ, ಮುಚ್ಚಳದ ಹೂವಿಗೆ ತಾಗದ ಹಾಗೆ.